ಎಕ್ಸೆಲ್‌ನಲ್ಲಿ ಆಲ್ಟ್+ಶಿಫ್ಟ್ ಒತ್ತಿದರೆ ಮರಾಠಿ, ಟ್ಯಾಲಿಯಲ್ಲಿ ಎಫ್11 ಒತ್ತಿದರೆ ಏನೂ ಇಲ್ಲ. ನಡುವೆ ಯಾರು ಅಡ್ಡ ಬರ್ತಿದ್ದಾರೆ?

ಠಾಣೆ_ಲೆಕ್ಕದವಳು:

ಎಲ್ಲರಿಗೂ ನಮಸ್ಕಾರ. ಠಾಣೆಯ ಒಂದು ಸಣ್ಣ ಆಡಿಟ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ವಿಂಡೋಸ್ 11 ಲ್ಯಾಪ್‌ಟಾಪ್. ಬೆಳಗ್ಗೆಯಿಂದ ಎಕ್ಸೆಲ್ ಮತ್ತು ಟ್ಯಾಲಿ (ಲೆಕ್ಕ ಬರೆಯುವ ತಂತ್ರಾಂಶ), ನಡುನಡುವೆ ಹೌಸಿಂಗ್ ಸೊಸೈಟಿಗಳಿಗೆ ಮರಾಠಿಯಲ್ಲಿ ಪತ್ರ, ಸಂಜೆ ಮನೆಗೆ ಬಂದ ಮೇಲೆ ಅದೇ ಲ್ಯಾಪ್‌ಟಾಪ್‌ನಲ್ಲಿ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯ ಟೈಪಿಂಗ್. ಹಾಗಾಗಿ ಇಂಗ್ಲಿಷ್, ಮರಾಠಿ, ಕನ್ನಡ ಮೂರೂ ಕೀಬೋರ್ಡ್ ಹಾಕಿಕೊಂಡಿದ್ದೇನೆ. ಮೊದಲಿಂದ ಅಭ್ಯಾಸ ಇರುವ ಕಾರಣ ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಕೂಡ ಇದೆ.

ಈಗ ತೊಂದರೆ ಏನು ಅಂದ್ರೆ, ಎಕ್ಸೆಲ್‌ನಲ್ಲಿ ಸಾಲುಗಳನ್ನು ಗ್ರೂಪ್ ಮಾಡೋಕೆ ಆಲ್ಟ್+ಶಿಫ್ಟ್+ಬಲಬಾಣ ಒತ್ತಬೇಕಲ್ವಾ, ಹತ್ತು ಸಲ ಸರಿ ಬಂದರೆ ಹನ್ನೊಂದನೇ ಸಲ ಗ್ರೂಪ್ ಆಗುವುದಿಲ್ಲ, ಭಾಷೆ ಬದಲಾಗಿರುತ್ತದೆ. ಅದು ಗೊತ್ತಾಗೋದು ಮುಂದಿನ ಸೆಲ್‌ಗೆ ಹೋಗಿ ಸಮ್ ಫಾರ್ಮುಲಾ ಹೊಡೆದಾಗ. ಎಸ್, ಯು, ಎಂ ಒತ್ತಿದರೆ ಒಂದು ಒಂಟಿ ಮಾತ್ರೆ, ಅದರ ಹಿಂದೆ ಮರಾಠಿಯ "ಹಸ". ಕ್ಲೈಂಟ್ ಪಕ್ಕದಲ್ಲೇ ಕೂತು ನೋಡ್ತಿದ್ದರೆ ಇನ್ನೂ ಚೆನ್ನ.

ಎರಡನೆಯದು ಟ್ಯಾಲಿ. ಎಫ್11 ಒತ್ತಿದರೆ ಫೀಚರ್ಸ್ ಪುಟ ತೆರೆಯಬೇಕು. ತೆರೆಯೋದಿಲ್ಲ.

ಮೂರನೆಯದು ಪ್ರಿಂಟ್ ಸ್ಕ್ರೀನ್ ಕೀ. ಒಂದು ದಿನ ವಿಂಡೋಸ್‌ನ ಸ್ನಿಪ್ಪಿಂಗ್ ಬರುತ್ತದೆ, ಇನ್ನೊಂದು ದಿನ ಆಫೀಸಿನವರು ಹಾಕಿಕೊಟ್ಟ ಬೇರೆ ಸ್ಕ್ರೀನ್‌ಶಾಟ್ ತಂತ್ರಾಂಶ ಬರುತ್ತದೆ.

ಒಂದು ಮಾತು, ಅಡ್ಮಿನ್ ಪಾಸ್‌ವರ್ಡ್ ನನ್ನ ಹತ್ತಿರ ಇಲ್ಲ, ಹೊಸ ತಂತ್ರಾಂಶ ಹಾಕೋಕೂ ಬಿಡುವುದಿಲ್ಲ. ಮರಾಠಿ ತೆಗೆದುಬಿಡು ಅಂತ ಆಫೀಸಿನಲ್ಲಿ ಹೇಳ್ತಾರೆ, ಅದು ಆಗದ ಮಾತು. ಒಂದೊಂದಕ್ಕೂ ಒಂದೊಂದು ಉಪಾಯ ಹೇಳಿದರೂ ಸರಿ, ಆದರೆ ಒತ್ತಿದ ಕೀಯನ್ನು ಯಾರು ನುಂಗ್ತಿದ್ದಾರೆ ಅಂತ ಪತ್ತೆ ಹಚ್ಚೋದು ಹೇಗೆ ಅಂತ ಹೇಳಿಕೊಟ್ಟರೆ ಇನ್ನೂ ಉಪಕಾರ.

ಹಿಂಜವಡಿ_ರಾತ್ರಿಪಾಳಿ:

ಅಕ್ಕಾ, ನಿಮ್ಮ ಮೂರು ತೊಂದರೆಗೂ ಕಾರಣ ಬೇರೆ ಬೇರೆ. ಅದಕ್ಕೇ ಒಂದೇ ಮದ್ದು ಹುಡುಕಿದರೆ ಸಿಗಲ್ಲ. ಪುಣೆಯಲ್ಲಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸ ನಂದು, ಇಂಥ ಟಿಕೆಟ್ ವಾರವಿಡೀ ಬರ್ತಾವೆ.

ಮೊದಲು ಒಂದು ವಿಷಯ ತಿಳ್ಕೊಳ್ಳಿ. ನೀವು ಒತ್ತಿದ ಕೀ ಸೀದಾ ಎಕ್ಸೆಲ್‌ಗೆ ಹೋಗಲ್ಲ. ಮಾಟುಂಗಾದ ಉಡುಪಿ ಹೋಟೆಲಲ್ಲಿ ಅಡುಗೆಮನೆಯಿಂದ ಹೊರಟ ದೋಸೆ ನಿಮ್ಮ ಟೇಬಲ್‌ಗೆ ಬರೋ ಮೊದಲೇ ನಡುವಿನ ಟೇಬಲ್‌ನವರು "ನಮ್ದೇ, ನಮ್ದೇ" ಅಂತ ಇಳಿಸ್ಕೊಳ್ತಾರಲ್ಲ, ಹಾಗೆ. ಮೊದಲು ಲ್ಯಾಪ್‌ಟಾಪ್‌ನ ಎಫ್‌ಎನ್ ಕೀ ನಿರ್ಧಾರ ಮಾಡುತ್ತದೆ. ಆಮೇಲೆ ಹಿನ್ನೆಲೆಯಲ್ಲಿ ಕೂತು ಕೀಬೋರ್ಡಿಗೆ ಕಿವಿಗೊಟ್ಟಿರುವ ತಂತ್ರಾಂಶಗಳು. ಆಮೇಲೆ ವಿಂಡೋಸ್ ಹತ್ತಿರ ಮೊದಲೇ ಹೆಸರು ಬರೆಸಿಟ್ಟ ಹಾಟ್‌ಕೀಗಳು, ಅಂದ್ರೆ ಯಾವ ಕಿಟಕಿ ತೆರೆದಿದ್ದರೂ ಕೆಲಸ ಮಾಡೋ ಕೀಗಳು. ಇವರೆಲ್ಲ ಬೇಡ ಅಂದದ್ದು ಮಾತ್ರ ಎದುರಿಗೆ ತೆರೆದಿರುವ ಕಿಟಕಿಗೆ ತಲುಪುತ್ತದೆ.

ಪತ್ತೆ ಹಚ್ಚೋದು ಹೀಗೆ. ನೋಟ್‌ಪ್ಯಾಡ್ ತೆರೆಯಿರಿ. ತೊಂದರೆ ಕೊಡುವ ಕೀಗಳನ್ನು ಅಲ್ಲಿ ಒತ್ತಿ. ನೋಟ್‌ಪ್ಯಾಡ್‌ಗೆ ಸಂಬಂಧವೇ ಇಲ್ಲದ ಏನೋ ಆಯ್ತು ಅಂದ್ರೆ ಕಳ್ಳ ಹಿನ್ನೆಲೆಯಲ್ಲಿದ್ದಾನೆ. ಏನೂ ಆಗಲಿಲ್ಲ ಅಂದ್ರೆ ಎರಡು ಸಾಧ್ಯತೆ, ಒಂದೋ ಎಕ್ಸೆಲ್‌ನ ಒಳಗೇ ಯಾವುದೋ ಆಡ್-ಇನ್ (ಮೇಲಿಂದ ಸೇರಿಸಿದ ಪುಟ್ಟ ತಂತ್ರಾಂಶ) ಹಿಡಿದಿದೆ, ಇಲ್ಲಾ ಯಾರೋ ಸದ್ದಿಲ್ಲದೆ ನುಂಗಿದ್ದಾರೆ. ಗಡಿಯಾರದ ಪಕ್ಕದ ಐಕಾನ್‌ಗಳನ್ನು ಒಂದೊಂದಾಗಿ ಮುಚ್ಚುತ್ತಾ ಮತ್ತೆ ಒತ್ತಿ ನೋಡಿ. ಇದಕ್ಕಿಂತ ಬೇಗ ಆಗೋ ದಾರಿ ಇಲ್ಲ. ನಿರ್‌ಸಾಫ್ಟ್‌ನ ಹಾಟ್‌ಕೀಸ್‌ಲಿಸ್ಟ್ ಅಂತ ಒಂದು ಪುಟ್ಟ ಸಾಧನ ಇದೆ, ಯಾವ ಕೀ ಜೋಡಿಗಳು ಈಗಾಗಲೇ ಬುಕ್ ಆಗಿವೆ ಅಂತ ತೋರಿಸುತ್ತದೆ, ಆದರೆ ಯಾರು ಬುಕ್ ಮಾಡಿದ್ದು ಅಂತ ಹೇಳಲ್ಲ.

ಈಗ ಆಲ್ಟ್+ಶಿಫ್ಟ್. ಇದು ವಿಂಡೋಸ್‌ದೇ. ಒಂದಕ್ಕಿಂತ ಜಾಸ್ತಿ ಭಾಷೆ ಇದ್ದರೆ ಎಡಗಡೆಯ ಆಲ್ಟ್ ಜೊತೆ ಶಿಫ್ಟ್ ಒತ್ತಿ ಬಿಟ್ಟರೆ ಭಾಷೆ ಬದಲಾಗುವಂತೆ ಮೊದಲೇ ಇಟ್ಟಿರುತ್ತದೆ. ನೀವು ಅವಸರದಲ್ಲಿ ಬಾಣದ ಕೀಗೆ ಬೆರಳು ತಲುಪೋ ಮೊದಲೇ ಎಡಗೈ ಎತ್ತಿಬಿಡ್ತೀರಿ, ಮರಾಠಿ ಬರುತ್ತದೆ. ಹನ್ನೊಂದನೇ ಸಲ ಮಾತ್ರ ಯಾಕೆ ಅನ್ನೋದಕ್ಕೆ ಇದೇ ಕಾರಣ.

ತೆಗೆಯೋದು: ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಟೈಪಿಂಗ್, ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್. ಅಲ್ಲಿ ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್ ಅಂತ ಒಂದು ಕೊಂಡಿ ಇದೆ, ಒತ್ತಿದರೆ ಹಳೇ ವಿಂಡೋಸ್ ಕಾಲದ ಒಂದು ಪುಟ್ಟ ಡಬ್ಬಿ ತೆರೆಯುತ್ತದೆ. "ಬಿಟ್ವೀನ್ ಇನ್‌ಪುಟ್ ಲ್ಯಾಂಗ್ವೇಜಸ್" ಅನ್ನೋ ಸಾಲು ಆರಿಸಿ, ಚೇಂಜ್ ಕೀ ಸೀಕ್ವೆನ್ಸ್ ಒತ್ತಿ, ಎಡಕ್ಕೂ ಬಲಕ್ಕೂ ನಾಟ್ ಅಸೈನ್ಡ್ ಕೊಡಿ. ಬಲಗಡೆಯದನ್ನು ಮರೀಬೇಡಿ. ಅದು ಒಂದೇ ಭಾಷೆಯ ಎರಡು ಕೀಬೋರ್ಡ್‌ಗಳ ನಡುವೆ ಬದಲಿಸೋದು, ಅದಕ್ಕೆ ಕಂಟ್ರೋಲ್+ಶಿಫ್ಟ್ ಕೂತಿದ್ದರೆ ಎಕ್ಸೆಲ್‌ನ ಅರ್ಧ ಶಾರ್ಟ್‌ಕಟ್‌ಗಳಿಗೆ ಅದೂ ಅಡ್ಡ ಬರುತ್ತದೆ. ಇದು ನಿಮ್ಮ ಖಾತೆಗೆ ಮಾತ್ರ ಸೇರಿದ ಸೆಟ್ಟಿಂಗ್, ಅಡ್ಮಿನ್ ಬೇಕಿಲ್ಲ. ಭಾಷೆ ಬದಲಿಸೋಕೆ ವಿಂಡೋಸ್ ಕೀ+ಸ್ಪೇಸ್ ಹೇಗೂ ಇದ್ದೇ ಇರುತ್ತದೆ.

ಅದೇ ಅಡ್ವಾನ್ಸ್ಡ್ ಪುಟದಲ್ಲಿ ಪ್ರತಿ ಕಿಟಕಿಗೂ ಬೇರೆ ಇನ್‌ಪುಟ್ ಇಟ್ಟುಕೊಳ್ಳೋ ಆಯ್ಕೆಗೂ ಟಿಕ್ ಹಾಕಿಬಿಡಿ. ವರ್ಡ್‌ನಲ್ಲಿ ಮರಾಠಿ ಇದ್ದರೂ ಎಕ್ಸೆಲ್ ಇಂಗ್ಲಿಷ್‌ನಲ್ಲೇ ಇರುತ್ತದೆ. ನಿಮ್ಮ ಕೆಲಸಕ್ಕೆ ಇದೊಂದೇ ಅರ್ಧ ತಲೆನೋವು ಕಳೆಯುತ್ತೆ.

ಪ್ರಿಂಟ್ ಸ್ಕ್ರೀನ್ ಕಥೆ ಬೇರೆ. ಹೆಸರು ಬರೆಸೋ ಹಾಟ್‌ಕೀಗಳಲ್ಲಿ ಮೊದಲು ಬಂದವನಿಗೆ ಜಾಗ, ಎರಡನೆಯವನು ಅದೇ ಕೀ ಕೇಳಿದರೆ ವಿಂಡೋಸ್ ಕೊಡಲ್ಲ. ಲ್ಯಾಪ್‌ಟಾಪ್ ಶುರುವಾದಾಗ ಯಾರು ಮೊದಲು ಎದ್ದರು ಅನ್ನೋದರ ಮೇಲೆ ಆ ದಿನದ ಹಣೆಬರಹ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್ ಒಳಗೆ ಪ್ರಿಂಟ್ ಸ್ಕ್ರೀನ್ ಕೀಯಿಂದ ಸ್ಕ್ರೀನ್ ಕ್ಯಾಪ್ಚರ್ ತೆರೆಯುವ ಸ್ವಿಚ್ ಇದೆ, ಅದನ್ನು ಆಫ್ ಮಾಡಿ. ಸ್ನಿಪ್ಪಿಂಗ್ ಬೇಕಾದಾಗ ವಿಂಡೋಸ್+ಶಿಫ್ಟ್+ಎಸ್.

ಎಫ್11 ಬಗ್ಗೆ ಬರಹ ಗೊತ್ತಿರೋರು ಹೇಳ್ತಾರೆ.

ಮಾಟುಂಗಾ_ಡಿಟಿಪಿ:

ಅದು ನಾನೇ ಇರಬೇಕು ಮಾರಾಯ್ರೆ. ಮುಂಬಯಿಯಲ್ಲಿ ಕನ್ನಡ ಆಮಂತ್ರಣ ಪತ್ರಿಕೆ, ಯಕ್ಷಗಾನದ ಕರಪತ್ರ, ಸಂಘಗಳ ಸಂಚಿಕೆ, ಇದೇ ನನ್ನ ಹೊಟ್ಟೆಪಾಡು.

ಬರಹದಲ್ಲಿ ಕನ್ನಡ–ಇಂಗ್ಲಿಷ್ ಅದಲುಬದಲು ಮಾಡೋ ಕೀಯೇ ಎಫ್11. ಬರಹ ಹಿನ್ನೆಲೆಯಲ್ಲಿ ಕೂತಿರೋವರೆಗೂ ಟ್ಯಾಲಿಗೆ ಆ ಕೀ ಸಿಗೋದು ಕಷ್ಟ. ಟ್ಯಾಲಿ ಮಾತ್ರ ಅಲ್ಲ, ಬ್ರೌಸರ್‌ನಲ್ಲಿ ಪೂರ್ತಿ ಪರದೆ ಮಾಡೋದೂ ಎಫ್11, ಎಕ್ಸೆಲ್‌ನಲ್ಲಿ ಚಾರ್ಟ್ ಹಾಳೆ ಸೇರಿಸೋದೂ ಎಫ್11. ಹಳೇ ಕಾಲದಲ್ಲಿ ವರ್ಡ್‌ಪ್ಯಾಡ್‌ನಲ್ಲಿ ಕೂತು ಟೈಪ್ ಮಾಡುವಾಗ ಯಾರಿಗೂ ತೊಂದರೆ ಆಗಿರಲಿಲ್ಲ. ಟ್ಯಾಲಿ ಕೆಲಸದ ಹೊತ್ತಲ್ಲಿ ಬರಹವನ್ನು ಮುಚ್ಚಿ, ಲ್ಯಾಪ್‌ಟಾಪ್ ಶುರುವಾದ ಕೂಡಲೇ ತಾನಾಗಿ ಏಳದ ಹಾಗೆ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಡಿಸೇಬಲ್ ಮಾಡಿ. ಸಂಜೆ ಬೇಕಾದಾಗ ಕೈಯಾರೆ ತೆರೆದರಾಯ್ತು.

ಬರಹದ ಬದಲು ನುಡಿ ಅನ್ನೋ ಕನ್ನಡ ತಂತ್ರಾಂಶ ಹಾಕಿಕೊಂಡರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಸ್ವಲ್ಪ ಜಾಗ್ರತೆ. ನುಡಿಯಲ್ಲಿ ಅದಲುಬದಲಿಗೆ ಸ್ಕ್ರಾಲ್ ಲಾಕ್ ಕೀ. ಟ್ಯಾಲಿಗೆ ಅದರಿಂದ ತೊಂದರೆ ಇಲ್ಲ, ಎಕ್ಸೆಲ್‌ಗೆ ಉಂಟು. ಸ್ಕ್ರಾಲ್ ಲಾಕ್ ಆನ್ ಇದ್ದರೆ ಬಾಣದ ಕೀ ಒತ್ತಿದಾಗ ಸೆಲ್ ಬದಲಾಗೋದಿಲ್ಲ, ಇಡೀ ಹಾಳೆ ಸರಿಯುತ್ತದೆ. ನನ್ನ ಹತ್ತಿರ ಬರೋ ಹುಡುಗರು ಎಕ್ಸೆಲ್ ಕೆಟ್ಟಿದೆ ಅಂತಲೇ ತಿಳ್ಕೊಳ್ತಾರೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಆ ಕೀಯೇ ಇರೋದಿಲ್ಲ, ಆಫ್ ಮಾಡೋಕೆ ವಿಂಡೋಸ್+ಕಂಟ್ರೋಲ್+ಓ ಒತ್ತಿ ಪರದೆಯ ಮೇಲಿನ ಕೀಬೋರ್ಡ್ ತರಿಸಿ ಅಲ್ಲಿ ಒತ್ತಬೇಕು.

ನನ್ನ ಸಲಹೆ ಕೇಳಿದರೆ ಎರಡೂ ಬೇಡ. ವಿಂಡೋಸ್ 10ರ 2019ರ ಮೇ ಅಪ್‌ಡೇಟ್‌ನಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಒಳಗೇ ಬಂದಿದೆ, ಮರಾಠಿಗೂ ಬಂದಿದೆ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡ ಬರುತ್ತದೆ, ಬರಹದ ಕೈ ಇರುವವರಿಗೆ ಹೊಂದಿಕೊಳ್ಳೋದು ಕಷ್ಟ ಅಲ್ಲ. ಲ್ಯಾಂಗ್ವೇಜ್ ಅಂಡ್ ರೀಜನ್‌ನಲ್ಲಿ ಕನ್ನಡದ ಎದುರಿನ ಮೂರು ಚುಕ್ಕಿ, ಲ್ಯಾಂಗ್ವೇಜ್ ಆಪ್ಷನ್ಸ್, ಆಡ್ ಎ ಕೀಬೋರ್ಡ್. ಪ್ರತ್ಯೇಕ ತಂತ್ರಾಂಶವೇ ಇಲ್ಲ ಅಂದ ಮೇಲೆ ಎಫ್11 ಜಗಳವೂ ಇಲ್ಲ.

ಒಂದು ಕೊಕ್ಕೆ ಉಂಟು. ಸಂಚಿಕೆ ಅಚ್ಚು ಮಾಡೋ ಪ್ರೆಸ್ಸಿನವರು ಹಳೇ ಪುಟವಿನ್ಯಾಸ ತಂತ್ರಾಂಶ ಇಟ್ಟುಕೊಂಡಿದ್ದರೆ ಯೂನಿಕೋಡ್ (ಈಗ ಎಲ್ಲಾ ಕಡೆ ಬಳಸೋ ಅಕ್ಷರ ಸಂಕೇತ) ಬೇಡ, ನುಡಿ ಫಾಂಟಿನಲ್ಲೇ ಕೊಡಿ ಅಂತಾರೆ. ಟೈಪಿಂಗ್ ಶುರು ಮಾಡೋ ಮೊದಲೇ ಕೇಳಿಕೊಳ್ಳಿ. ಕೊನೆಯ ವಾರದಲ್ಲಿ ಕೇಳಿದರೆ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆದ ಕಡತ ಕೈಗೆ ಬರುತ್ತದೆ, ಮತ್ತೆ ನಮ್ಮಂಥವರ ಬಾಗಿಲಿಗೆ ಬರ್ತೀರಿ (ಬನ್ನಿ, ಬೇಡ ಅನ್ನೋದಿಲ್ಲ).

ಕೋಥ್ರೂಡ್_ಸ್ಕ್ರಿಪ್ಟ್:

ಇಷ್ಟೆಲ್ಲಾ ಯಾಕೆ? ಕೀಗಳ ಕೆಲಸ ಬದಲಿಸೋ ಆಟೋಹಾಟ್‌ಕೀ ಹಾಕಿ, ಎಕ್ಸೆಲ್ ಕಿಟಕಿ ಎದುರಿಗಿದ್ದಾಗ ಮಾತ್ರ ಇಂಥ ಕೀಗೆ ಇಂಥ ಕೆಲಸ ಅಂತ ಎರಡು ಸಾಲು ಬರೆದರೆ ಮುಗೀತು. ಇಲ್ಲಾ ಮೈಕ್ರೋಸಾಫ್ಟ್‌ನದೇ ಪವರ್‌ಟಾಯ್ಸ್‌ನ ಕೀಬೋರ್ಡ್ ಮ್ಯಾನೇಜರ್. ಅದರಲ್ಲೂ ಒಂದು ತಂತ್ರಾಂಶಕ್ಕೆ ಮಾತ್ರ ಸೀಮಿತ ಮಾಡಿ ಕೀ ಬದಲಿಸಬಹುದು, ಬರೆಯೋದೂ ಬೇಡ.

ಇನ್ನೊಂದು, ಭಾಷೆಗಳನ್ನು ಸುತ್ತಿಸೋ ಬದಲು ನೇರ ಕೀ ಕೊಡಿ. ಆ ಹಾಟ್ ಕೀಸ್ ಡಬ್ಬಿಯಲ್ಲೇ ಕೆಳಗೆ ಪ್ರತಿ ಭಾಷೆಗೂ ಒಂದು ಸಾಲು ಇದೆ. ಕಂಟ್ರೋಲ್+ಶಿಫ್ಟ್+1 ಇಂಗ್ಲಿಷ್, 2 ಮರಾಠಿ, 3 ಕನ್ನಡ. ಸುತ್ತೋದೇ ಬೇಡ.

ಹಿಂಜವಡಿ_ರಾತ್ರಿಪಾಳಿ:

ಅಣ್ಣಾ, ಅಕ್ಕ ಮೊದಲೇ ಹೇಳಿದಾರೆ, ತಂತ್ರಾಂಶ ಹಾಕೋಕೆ ಬಿಡಲ್ಲ ಅಂತ. ಬಿಟ್ಟರೂ ನಾನು ಬೇಡ ಅಂತಲೇ ಹೇಳ್ತೀನಿ. ಜಗಳ ಆಡ್ತಿರೋ ಮೂರು ಜನರ ನಡುವೆ ನಾಲ್ಕನೆಯವನನ್ನು ಕರೆದು ತರೋದು ಯಾಕೆ? ಬೇಡದವನ ಕೈಯಿಂದ ಕೀ ಬಿಡಿಸಿದರೆ ಸಾಕು. ನೋಡ್ರಿ, ಪವರ್‌ಟಾಯ್ಸ್ ಹಾಗೂ ಆಟೋಹಾಟ್‌ಕೀ ಥರದವು ಕೀಬೋರ್ಡಿಗೆ ಹುಕ್ ಹಾಕ್ತಾವೆ, ಅಂದ್ರೆ ಪ್ರತಿ ಕೀಯನ್ನೂ ನಡುವೆ ಹಿಡಿದು ನೋಡ್ತಾವೆ. ಹೆಸರು ಬರೆಸೋ ಹಾಟ್‌ಕೀಯಲ್ಲಿ ಮೊದಲು ಬಂದವನು ಗೆಲ್ತಾನೆ, ಹುಕ್‌ನಲ್ಲಿ ಉಲ್ಟಾ, ಕೊನೆಗೆ ಬಂದವನಿಗೆ ಕೀ ಮೊದಲು ಸಿಗುತ್ತದೆ. ಎರಡು ಹುಕ್ ತಂತ್ರಾಂಶ ಒಟ್ಟಿಗೆ ಇದ್ದರೆ ಯಾವಾಗ ಯಾವುದನ್ನು ಮತ್ತೆ ಶುರು ಮಾಡಿದಿರಿ ಅನ್ನೋದರ ಮೇಲೆ ಫಲ ಬದಲಾಗುತ್ತದೆ. ಅದೂ ಅಲ್ಲದೆ ಯಾವುದಾದರೂ ಕಿಟಕಿ ಅಡ್ಮಿನ್ ಆಗಿ ತೆರೆದಿದ್ದರೆ, ಮಾಮೂಲಿಯಾಗಿ ಶುರುವಾದ ಪವರ್‌ಟಾಯ್ಸ್‌ನ ಬದಲಾವಣೆ ಅಲ್ಲಿ ನಡೆಯೋದೇ ಇಲ್ಲ. ವಿಂಡೋಸ್+ಎಲ್ ಮತ್ತು ಕಂಟ್ರೋಲ್+ಆಲ್ಟ್+ಡಿಲೀಟ್ ಎರಡನ್ನಂತೂ ಅದು ಮುಟ್ಟಲಾರದು.

ನೇರ ಕೀ ಉಪಾಯ ಒಳ್ಳೇದು, ಆದರೆ ಕಂಟ್ರೋಲ್+ಶಿಫ್ಟ್+1 ಲೆಕ್ಕದವರಿಗೆ ಹೇಳಬೇಡ್ರಿ. ಎಕ್ಸೆಲ್‌ನಲ್ಲಿ ಅದು ನಂಬರ್ ಫಾರ್ಮ್ಯಾಟ್, ಕಂಟ್ರೋಲ್+ಶಿಫ್ಟ್+4 ಕರೆನ್ಸಿ, 5 ಶೇಕಡಾ. ಒಂದು ಜಗಳ ಬಿಡಿಸಿ ಇನ್ನೊಂದು ಹಚ್ಚಿದ ಹಾಗೆ. ಆ ಡಬ್ಬಿಯಲ್ಲಿ ಎಡ ಆಲ್ಟ್+ಶಿಫ್ಟ್ ಜೊತೆ ಅಂಕಿ ಕೊಡೋ ಆಯ್ಕೆಯೂ ಇದೆ, ಅದನ್ನೇ ತಗೊಳ್ಳಿ. ಬರೀ ಆಲ್ಟ್+ಶಿಫ್ಟ್ ಅನ್ನು ನಾಟ್ ಅಸೈನ್ಡ್ ಮಾಡಿದ ಮೇಲೆ ಅಂಕಿ ಒತ್ತದ ಹೊರತು ಭಾಷೆ ಬದಲಾಗಲ್ಲ.

ಬರೆಯೋಕೆ ಕೂತಿದ್ದೀನಿ ಅಂತ ಇನ್ನೊಂದಿಷ್ಟು ಅಡಗಿ ಕೂರೋ ಕಳ್ಳರನ್ನೂ ಹೇಳಿಬಿಡ್ತೀನಿ. ಡೆಸ್ಕ್‌ಟಾಪ್ ಮೇಲಿನ ಐಕಾನ್‌ಗೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ, ಶಾರ್ಟ್‌ಕಟ್ ಕೀ ಅಂತ ಒಂದು ಖಾನೆ ಇದೆ. ಯಾರೋ ಯಾವಾಗಲೋ ಕ್ಯಾಲ್ಕ್ಯುಲೇಟರ್‌ಗೆ ಕಂಟ್ರೋಲ್+ಆಲ್ಟ್+ಸಿ ಕೊಟ್ಟಿದ್ದರೆ ಅದು ಎಲ್ಲಾ ಕಡೆ ನಡೆಯುತ್ತದೆ, ಯಾರ ಕಣ್ಣಿಗೂ ಬೀಳಲ್ಲ. ಕ್ರೋಮ್‌ನ ಎಕ್ಸ್‌ಟೆನ್ಶನ್ಸ್ ಪುಟದಲ್ಲಿ ಎಡಗಡೆ ಕೀಬೋರ್ಡ್ ಶಾರ್ಟ್‌ಕಟ್ಸ್ ಅಂತ ಇದೆ, ಅಲ್ಲಿ ಯಾವುದಾದರೂ ಗ್ಲೋಬಲ್ ಅಂತ ಇದ್ದರೆ ಬ್ರೌಸರ್ ಹೊರಗೂ ಆ ಕೀ ಹಿಡಿಯುತ್ತದೆ. ಇನ್ನು ಗ್ರಾಫಿಕ್ಸ್ ಕಾರ್ಡಿನ ತಂತ್ರಾಂಶಗಳು. ಎನ್‌ವಿಡಿಯಾ ಓವರ್‌ಲೇಗೆ ಆಲ್ಟ್+ಝಡ್, ಕೋಡ್ ಬರೆಯೋರ ವಿಎಸ್ ಕೋಡ್‌ನಲ್ಲಿ ಅದೇ ಕೀ ವರ್ಡ್ ರ‍್ಯಾಪ್. ವಿಎಸ್ ಕೋಡ್ ಬಳಸೋರು ಕಂಟ್ರೋಲ್+ಕೆ, ಕಂಟ್ರೋಲ್+ಎಸ್ ಒತ್ತಿ ಶಾರ್ಟ್‌ಕಟ್ ಪಟ್ಟಿ ತೆರೆದು, ಯಾವುದೇ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ಶೋ ಸೇಮ್ ಕೀಬೈಂಡಿಂಗ್ಸ್ ಕೊಟ್ಟರೆ ಒಂದೇ ಕೀಗೆ ಎಷ್ಟು ಜನ ಕಾಯ್ತಿದ್ದಾರೆ ಅಂತ ಕಾಣಿಸುತ್ತದೆ. ಎಲ್ಲಾ ತಂತ್ರಾಂಶದಲ್ಲೂ ಇಂಥದ್ದೊಂದು ಇರಬೇಕಿತ್ತು.

ಮಡಗಾಂವ್_ಮಳೆ:

ವಿಂಡೋಸ್ ಮಾತಾಡ್ತಿದ್ದೀರಿ, ಆದರೂ ಇಲ್ಲೇ ಬರೆಯುತ್ತೇನೆ, ಮುಂದೆ ಹುಡುಕಿಕೊಂಡು ಬಂದವರಿಗೆ ಸಿಗಲಿ. ಗೋವಾದಲ್ಲಿ ಕೂತು ಮನೆಯಿಂದ ಕೆಲಸ, ವಿಂಡೋಸ್ ಬದಲು ಉಬುಂಟು, ಕೋಡ್ ಬರೆಯೋಕೆ ಇಂಟೆಲಿಜೆ. ಇಂಟೆಲಿಜೆಯಲ್ಲಿ ಫೈಂಡ್ ಯೂಸೇಜಸ್‌ಗೆ ಆಲ್ಟ್+ಎಫ್7, ಒತ್ತಿದರೆ ಗ್ನೋಮ್ (ಉಬುಂಟುವಿನ ಡೆಸ್ಕ್‌ಟಾಪ್) ಕಿಟಕಿಯನ್ನೇ ಎಳೆದಾಡೋಕೆ ಶುರು ಮಾಡುತ್ತದೆ. ಆಲ್ಟ್+ಎಫ್8 ಒತ್ತಿದರೆ ಕಿಟಕಿಯ ಅಳತೆ ಬದಲಿಸೋಕೆ ಹೊರಡುತ್ತದೆ, ನನಗೆ ಬೇಕಾದದ್ದು ಇವ್ಯಾಲ್ಯುಯೇಟ್ ಎಕ್ಸ್‌ಪ್ರೆಷನ್. ಕೀಬೋರ್ಡಿನಿಂದ ಕಿಟಕಿ ಸರಿಸೋದು ಮೌಸ್ ಹಿಡಿಯೋಕೆ ಆಗದವರಿಗೆ ಬಹಳ ಬೇಕಾದ ಸೌಲಭ್ಯ, ಸರಿ, ನನಗೆ ಮಾತ್ರ ಬೇಕಿಲ್ಲ. ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ ಶಾರ್ಟ್‌ಕಟ್ ಪಟ್ಟಿ ತೆರೆದು, ಆ ಸಾಲು ಒತ್ತಿ, ಬ್ಯಾಕ್‌ಸ್ಪೇಸ್ ಹೊಡೆದರೆ ಅದು ಆಫ್. ಗ್ನೋಮ್‌ನ ಒಂದು ಒಳ್ಳೇ ಗುಣ, ಹೊಸ ಕೀ ಕೊಡುವಾಗ ಅದು ಇನ್ನೊಂದಕ್ಕೆ ಸೇರಿದ್ದರೆ ಅಲ್ಲೇ ಹೇಳಿಬಿಡುತ್ತದೆ.

ಉಬುಂಟುವಿನಲ್ಲಿ ಕನ್ನಡ ಬರೆಯೋಕೆ ಐಬಸ್ ಅನ್ನೋ ಟೈಪಿಂಗ್ ಸೌಲಭ್ಯ ಹಾಕಿಕೊಂಡವರಿಗೆ ಇನ್ನೊಂದು. ಐಬಸ್‌ನ ಕೆಲವು ಆವೃತ್ತಿಗಳಲ್ಲಿ ಕಂಟ್ರೋಲ್+ಚುಕ್ಕಿ ಒತ್ತಿದರೆ ಅದು ಇಮೋಜಿಗೆ ಸಿದ್ಧವಾಗುತ್ತದೆ, ವಿಎಸ್ ಕೋಡ್‌ನಲ್ಲಿ ಅದು ಕ್ವಿಕ್ ಫಿಕ್ಸ್. ಐಬಸ್ ಪ್ರಿಫರೆನ್ಸಸ್‌ನ ಇಮೋಜಿ ಹಾಳೆಯಲ್ಲಿ ಆ ಕೀ ಅಳಿಸಿ.

ಮ್ಯಾಕ್‌ನವರಿಗೆ: ಕಂಟ್ರೋಲ್+ಸ್ಪೇಸ್ ಅಲ್ಲಿ ಭಾಷೆ ಬದಲಿಸುತ್ತದೆ, ಕೋಡ್ ಬರೆಯೋರಿಗೆ ಅದು ಸಲಹೆ ಪಟ್ಟಿ ತರಿಸೋ ಕೀ. ಸಿಸ್ಟಮ್ ಸೆಟ್ಟಿಂಗ್ಸ್, ಕೀಬೋರ್ಡ್, ಕೀಬೋರ್ಡ್ ಶಾರ್ಟ್‌ಕಟ್ಸ್, ಇನ್‌ಪುಟ್ ಸೋರ್ಸಸ್. ಹಳದಿ ತ್ರಿಕೋನ ಕಂಡರೆ ಅಲ್ಲೇ ಜಗಳ ಇದೆ ಅಂತ ಅರ್ಥ.

ಠಾಣೆ_ಲೆಕ್ಕದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಲ್ಟ್+ಶಿಫ್ಟ್ ತೆಗೆದೆ, ಪ್ರತಿ ಕಿಟಕಿಗೂ ಬೇರೆ ಭಾಷೆ ಇಟ್ಟೆ. ಬರಹ ಸ್ಟಾರ್ಟಪ್‌ನಿಂದ ತೆಗೆದ ಮೇಲೆ ಟ್ಯಾಲಿಯಲ್ಲಿ ಎಫ್11 ಬಂತು, ಅದಕ್ಕೂ ಮೊದಲು ಎಫ್‌ಎನ್ ಒತ್ತಿ ಹಿಡಿಯಬೇಕಿತ್ತು, ಇಲ್ಲಾಂದ್ರೆ ಪರದೆಯ ಬೆಳಕು ಏರುತ್ತಿತ್ತು. ಫೊನೆಟಿಕ್ ಕೀಬೋರ್ಡ್ ಹಾಕಿ ಒಂದು ಪುಟ ಹೊಡೆದು ನೋಡಿದೆ, ಅರ್ಕಾವತ್ತು ಬರುವಲ್ಲಿ ಮಾತ್ರ ಕೈ ತಡವರಿಸುತ್ತದೆ. ಪ್ರೆಸ್ಸಿನವರು ಯೂನಿಕೋಡ್ ನಡೆಯುತ್ತದೆ ಅಂದರು.

ಒಂದು ಉಳಿದಿದೆ. ಬೆಳಗ್ಗೆ ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ಹೊಡೆದರೆ ಕೆಲವೊಮ್ಮೆ ತಪ್ಪು ಅನ್ನುತ್ತದೆ. ಅಲ್ಲಿ ಮರಾಠಿ ಕೂತಿರುತ್ತದೆ ಅಂತ ಅನುಮಾನ. ನಾನು ಆಫ್ ಮಾಡಿದ್ದು ಅಲ್ಲಿಗೆ ಅನ್ವಯ ಆಗಲ್ವಾ?

ಹಿಂಜವಡಿ_ರಾತ್ರಿಪಾಳಿ:

ಆಗಲ್ಲ ಅಕ್ಕಾ. ಲಾಗಿನ್ ಪರದೆಗೆ ಅದರದ್ದೇ ಬೇರೆ ಪಟ್ಟಿ. ಸದ್ಯಕ್ಕೆ ಬಲಗಡೆ ಕೆಳಮೂಲೆಯಲ್ಲಿ ಭಾಷೆಯ ಗುರುತು ನೋಡಿ, ವಿಂಡೋಸ್+ಸ್ಪೇಸ್ ಒತ್ತಿ ಇಂಗ್ಲಿಷ್ ಮಾಡಿ, ಪಾಸ್‌ವರ್ಡ್ ಖಾನೆಯ ಕಣ್ಣಿನ ಚಿಹ್ನೆ ಒತ್ತಿದರೆ ಯಾವ ಅಕ್ಷರ ಬೀಳ್ತಿದೆ ಅಂತಲೂ ಕಾಣುತ್ತದೆ (ಪಕ್ಕದಲ್ಲಿ ಯಾರೂ ಇಲ್ಲದಾಗ). ಪೂರ್ತಿ ಸರಿಪಡಿಸೋಕೆ ಅಡ್ಮಿನಿಸ್ಟ್ರೇಟಿವ್ ಲ್ಯಾಂಗ್ವೇಜ್ ಸೆಟ್ಟಿಂಗ್ಸ್ ತೆರೆದು, ಕಾಪಿ ಸೆಟ್ಟಿಂಗ್ಸ್ ಒತ್ತಿ, ವೆಲ್ಕಮ್ ಸ್ಕ್ರೀನ್‌ಗೆ ಟಿಕ್ ಹಾಕಬೇಕು. ಆದರೆ ಅದು ನಿಮ್ಮ ಈಗಿನ ಭಾಷೆಗಳನ್ನೇ ಅಲ್ಲಿಗೂ ಕಳಿಸೋದರಿಂದ ಮೊದಲು ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್‌ನ ಮೇಲ್ಗಡೆ ಡೀಫಾಲ್ಟ್ ಇನ್‌ಪುಟ್ ಇಂಗ್ಲಿಷ್ ಅಂತ ಇಟ್ಟುಕೊಳ್ಳಿ. ಕಾಪಿ ಮಾಡೋಕೆ ಅಡ್ಮಿನ್ ಬೇಕು, ಇದೊಂದಕ್ಕೆ ಮಾತ್ರ ನಿಮ್ಮ ಐಟಿಯವರನ್ನು ಕರೀರಿ.